ಹಾಜರಿದ್ದೂ ಗೈರಾಗುವ ಮಕ್ಕಳು

1841ರ ಫೆಬ್ರುವರಿಯಲ್ಲಿ ಲಂಡನ್ನಿನ ವೈದ್ಯಪತ್ರಿಕೆ ‘ಲ್ಯಾನ್ಸೆಟ್’ ಒಂದು ಕಾಗದವನ್ನು ಅಚ್ಚು ಹಾಕಿತು. ಬರೆದವನು ಕೆಂಟ್ ಪ್ರಾಂತದ ಟನ್‌ಬ್ರಿಜ್ ಎಂಬ ಊರಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್. ರೋಗಿ ಅವನ ಸ್ವಂತ ಮಗ, ಇನ್ನೂ ಒಂದು ವರ್ಷ ತುಂಬಿರದ ಕೂಸು. ಹುಟ್ಟಿದಾಗ ಗುಂಡಗುಂಡಗೆ ಆರೋಗ್ಯವಾಗಿದ್ದ ಮಗು ನಾಲ್ಕು ತಿಂಗಳವರೆಗೆ ಚೆನ್ನಾಗಿಯೇ ಬೆಳೆಯಿತು. ಆಮೇಲೆ ಒಮ್ಮೊಮ್ಮೆ ತಲೆಯನ್ನು ಮುಂದಕ್ಕೆ ಬಾಗಿಸತೊಡಗಿತು. ಏನೋ ಚೇಷ್ಟೆ ಕಲಿತಿದೆ ಎಂದು ತಂದೆ ಮೊದಲು ಸುಮ್ಮನಿದ್ದ. ದಿನ ಕಳೆದಂತೆ ಬಾಗುವುದು ಹೆಚ್ಚಿತು. ತಲೆ ಮೊಣಕಾಲಿಗೆ ತಾಗುವಷ್ಟಾಯಿತು. ಒಂದರ ಹಿಂದೆ ಒಂದರಂತೆ ಹತ್ತು, ಇಪ್ಪತ್ತು ಸಲ ಬಾಗಿ, ಎರಡು ಮೂರು ನಿಮಿಷಗಳ ನಂತರ ನಿಲ್ಲುತ್ತಿತ್ತು. ದಿನಕ್ಕೆ ಎರಡು ಮೂರು ಬಾರಿ ಹೀಗೆ.

ಜಿಗಣೆ ಕಚ್ಚಿಸಿದ್ದಾಯಿತು, ಭೇದಿಗೆ ಕೊಟ್ಟದ್ದಾಯಿತು, ಹಲ್ಲಿನ ತೊಂದರೆಯಿರಬಹುದೆಂದು ಒಸಡು ಕೊಯ್ದದ್ದಾಯಿತು, ಅಫೀಮಿನ ಪಾನಕವನ್ನೂ ಕುಡಿಸಿದ್ದಾಯಿತು. ಕೊನೆಗೆ ಲಂಡನ್ನಿನ ಇಬ್ಬರು ಹೆಸರಾಂತ ವೈದ್ಯರಿಗೆ ತೋರಿಸಿದರು. ಅವರಲ್ಲೊಬ್ಬನಾದ ಸರ್ ಚಾರ್ಲ್ಸ್ ಕ್ಲಾರ್ಕ್ ಇಂಥ ಮಕ್ಕಳನ್ನು ಹಿಂದೆಯೂ ಕಂಡಿದ್ದ. ಮುಂದಕ್ಕೆ ಬಾಗುವ ಭಂಗಿಯನ್ನು ನೋಡಿ ಅದಕ್ಕೆ ‘ಸಲಾಂ ಸೆಳವು’ ಎಂಬ ಹೆಸರಿಟ್ಟಿದ್ದ. ಇನ್ನೊಬ್ಬ ಡಾ. ಚಾರ್ಲ್ಸ್ ಲೋಕಾಕ್. ಈತನ ಹೆಸರು ಮುಂದೆ ಮತ್ತೊಮ್ಮೆ ಬರುತ್ತದೆ.

ಕಾಗದವನ್ನು ಓದುವಾಗ ಎದ್ದು ಕಾಣುವುದು, ತಂದೆಯನ್ನು ಸೆಳವಿಗಿಂತ ಹೆಚ್ಚಾಗಿ ಕಾಡಿದ ಇನ್ನೊಂದು ಸಂಗತಿ. ಮಗುವಿಗೆ ಕಣ್ಣು ಕಾಣುತ್ತಿತ್ತು, ಕಿವಿ ಕೇಳುತ್ತಿತ್ತು. ಆದರೆ ಅದು ನಗುವುದನ್ನು, ಗಮನಿಸುವುದನ್ನು ಬಿಟ್ಟಿತ್ತು. ಓರಗೆಯ ಕೂಸುಗಳಲ್ಲಿರುವ ಚುರುಕು ಇರಲಿಲ್ಲ. ತಲೆ ನಿಲ್ಲುತ್ತಿರಲಿಲ್ಲ. ಸೆಳವು ನಿಂತರೆ ಬುದ್ಧಿ ಮರಳುತ್ತದೆಯೇ ಎಂಬುದೇ ಅವನ ಪ್ರಶ್ನೆ. ಆಗ ಅದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಆ ಹುಡುಗ 1860ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಇಂದು ಈ ಬೇನೆಗೆ ‘ವೆಸ್ಟ್ ಸಿಂಡ್ರೋಮ್’ ಎಂದು ಹೆಸರು. 1958ರಲ್ಲಿ ಬೆಲ್ಜಿಯಂನ ವೈದ್ಯರು ಎ.ಸಿ.ಟಿ.ಎಚ್. ಎಂಬ ಹಾರ್ಮೋನು ಇದಕ್ಕೆ ನಾಟುತ್ತದೆಂದು ತೋರಿಸಿದ ಮೇಲೆ ಚಿಕಿತ್ಸೆಗೆ ದಾರಿಯಾಯಿತು. ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದೆಂದು ಈಗ ಗೊತ್ತಿದೆ. ಆದರೂ ಹೊಟ್ಟೆನೋವಿರಬೇಕು, ಬೆಚ್ಚಿಬಿದ್ದಿರಬೇಕು ಎಂದುಕೊಂಡು ವಾರಗಳನ್ನು ಕಳೆಯುವ ಮನೆಗಳು ಇಂದಿಗೂ ಇವೆ.

ಮೂರ್ಛೆ ರೋಗ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನೆಲಕ್ಕೆ ಬಿದ್ದು ಕೈಕಾಲು ಸೆಟೆಯುವ, ಬಾಯಲ್ಲಿ ನೊರೆ ಬರುವ ಚಿತ್ರ. ಆ ಕೆಲವು ನಿಮಿಷಗಳ ಬಗ್ಗೆ ಮನುಷ್ಯರು ಮೂರು ಸಾವಿರ ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ಆದರೆ ಉಳಿದ ಸಮಯದಲ್ಲಿ ಮಗು ಹೇಗಿರುತ್ತದೆ? ಪಾಠ ಏಕೆ ಹತ್ತುವುದಿಲ್ಲ? ಸಿಟ್ಟೇಕೆ? ಮಂಕೇಕೆ? ಇವಕ್ಕೆ ಬಹುಕಾಲ ದೊರೆತ ಉತ್ತರ ಒಂದೇ: ಅದರ ಸ್ವಭಾವವೇ ಹಾಗೆ. ಈ ಉತ್ತರವನ್ನು ಬಿಡಿಸಿ ನೋಡಲು ವೈದ್ಯವಿಜ್ಞಾನಕ್ಕೆ ಸುಮಾರು ನೂರೈವತ್ತು ವರ್ಷ ಹಿಡಿಯಿತು. ಆ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

ರೋಗ ಮಾತ್ರ ಬಹು ಪುರಾತನ. ಕ್ರಿ.ಪೂ. 11ನೇ ಶತಮಾನದ ಬ್ಯಾಬಿಲೋನಿಯಾದಲ್ಲಿ ಸಂಕಲನಗೊಂಡ ವೈದ್ಯಗ್ರಂಥದ ಮಣ್ಣಿನ ಹಲಗೆಗಳಲ್ಲಿ ಬಗೆಬಗೆಯ ಸೆಳವುಗಳ ವರ್ಣನೆಯಿದೆ. ಪ್ರತಿಯೊಂದಕ್ಕೂ ಒಂದೊಂದು ದೆವ್ವವನ್ನು ಹೊಣೆ ಮಾಡಲಾಗಿದೆ. ನಮ್ಮ ಚರಕ ಸಂಹಿತೆ ಇದಕ್ಕೆ ‘ಅಪಸ್ಮಾರ’ ಎಂಬ ಹೆಸರು ಕೊಟ್ಟು ಚಿಕಿತ್ಸಾ ಸ್ಥಾನದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ವಾತ, ಪಿತ್ತ, ಕಫ, ಸನ್ನಿಪಾತ ಎಂದು ನಾಲ್ಕು ಬಗೆ ಮಾಡಿದೆ. ಅಪಸ್ಮಾರ ಎಂದರೆ ಸ್ಮೃತಿ ಜಾರಿಹೋಗುವುದು. ಬೀಳುವುದನ್ನು ಬಿಟ್ಟು ನೆನಪು ತಪ್ಪುವುದನ್ನೇ ಹೆಸರಿಗೆ ಆರಿಸಿಕೊಂಡದ್ದು ಸೂಕ್ಷ್ಮವಾದ ಗ್ರಹಿಕೆ ಎನ್ನಬೇಕು. ಗ್ರೀಕರ ‘ಎಪಿಲೆಪ್ಸಿ’ಗೆ ‘ಹಿಡಿದುಕೊಳ್ಳುವುದು’ ಎಂದಷ್ಟೇ ಅರ್ಥ. ಆದರೆ ಇದೇ ಹೆಸರು ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಳ್ಳನಿಗೂ ಬಂದು, ಅವನು ಅಜ್ಞಾನದ ಸಂಕೇತನಾದ. ಒಂದು ಬೇನೆಯ ಹೆಸರೂ ದಡ್ಡತನದ ಹೆಸರೂ ಒಂದೇ ಆದದ್ದು ರೋಗಿಗಳ ಪಾಲಿಗೆ ಒಳ್ಳೆಯದಾಗಲಿಲ್ಲ.

ಕ್ರಿ.ಪೂ. 400ರ ಸುಮಾರಿನ ಗ್ರೀಕ್ ಗ್ರಂಥವೊಂದು ಹಿಪೊಕ್ರಾಟಿಸ್‌ನ ಹೆಸರಿನಲ್ಲಿದೆ. ಜನ ಇದನ್ನು ‘ಪವಿತ್ರ ರೋಗ’ ಎನ್ನುತ್ತಾರೆ, ಆದರೆ ಬೇರೆ ರೋಗಗಳಿಗಿಂತ ಇದರಲ್ಲಿ ದೈವದ ಪಾಲು ಹೆಚ್ಚೇನೂ ಇಲ್ಲ, ಇದರ ಮೂಲ ಮಿದುಳು ಎಂದು ಅದು ಖಡಾಖಂಡಿತವಾಗಿ ಹೇಳುತ್ತದೆ. ಇದು ಎಲ್ಲರೂ ಉಲ್ಲೇಖಿಸುವ ಮಾತು. ಅದೇ ಗ್ರಂಥದಲ್ಲಿ ಮಕ್ಕಳ ಬಗ್ಗೆ ಇನ್ನೊಂದು ಮಾತಿದೆ. ಸೆಳವು ಬರುವ ಸೂಚನೆ ಸಿಕ್ಕಾಗ ದೊಡ್ಡವರು ಯಾರೂ ಕಾಣದ ಕಡೆಗೆ ಓಡಿ ಮುಸುಕು ಹಾಕಿಕೊಳ್ಳುತ್ತಾರೆ, ನಾಚಿಕೆಯಿಂದ. ಚಿಕ್ಕ ಮಕ್ಕಳು ತಾಯಿಯ ಬಳಿಗೋ ಗೊತ್ತಿರುವವರ ಬಳಿಗೋ ಓಡುತ್ತಾರೆ, ಹೆದರಿಕೆಯಿಂದ. ನಾಚಿಕೆ ಎಂದರೇನೆಂದು ಅವರಿಗಿನ್ನೂ ತಿಳಿಯದು. ಮಗು ಯಾವ ವಯಸ್ಸಿನಲ್ಲಿ ಆ ನಾಚಿಕೆಯನ್ನು ಕಲಿಯುತ್ತದೆ, ಯಾರಿಂದ ಕಲಿಯುತ್ತದೆ ಎಂದು ಗ್ರಂಥಕರ್ತ ಹೇಳಿಲ್ಲ.

ನಮ್ಮಲ್ಲಿ ಅದನ್ನು ಕಲಿಸುವ ದಾರಿಗಳು ಹಲವು. ಮಗು ಬಿದ್ದಾಗ ಕೈಗೆ ಬೀಗದ ಕೈ ತುರುಕುವುದು, ಈರುಳ್ಳಿ ಮೂಸಿಸುವುದು, ತಾಯತ ಕಟ್ಟಿಸುವುದು ಒಂದು ಬಗೆ. ಇವುಗಳಿಂದ ಪ್ರಯೋಜನವಿಲ್ಲದಿದ್ದರೂ ಅಪಾಯ ಕಡಿಮೆ. ಬರೆ ಹಾಕುವುದು ಹಾಗಲ್ಲ. ಹಣೆಯ ಮೇಲೆ, ಹೊಟ್ಟೆಯ ಮೇಲೆ ಆ ಗುರುತನ್ನು ಹೊತ್ತು ಆಸ್ಪತ್ರೆಗೆ ಬರುವ ಮಕ್ಕಳನ್ನು ನಮ್ಮ ವೈದ್ಯರು ಕಂಡಿದ್ದಾರೆ. (ಮಾಡಬೇಕಾದದ್ದು ಬಹಳ ಸರಳ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಹಿಡಿದು ಅದುಮಬಾರದು. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.) ಮತ್ತೊಂದು ದಾರಿ ಮುಚ್ಚಿಡುವುದು. ಹೆಣ್ಣುಮಗುವಾದರೆ ಮದುವೆಯ ಚಿಂತೆ ಮೂರನೇ ಕ್ಲಾಸಿನಿಂದಲೇ ಶುರು. ‘ಇನ್ನೊಮ್ಮೆ ಶಾಲೆಯಲ್ಲಿ ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ’ ಎಂದು ಶಾಲೆ ಬಿಡಿಸುತ್ತಾರೆ. ಹತ್ತು ವರ್ಷಗಳ ನಂತರ ಅವಳಿಗೆ ಓದು ಬರೆಹ ಬರುವುದಿಲ್ಲವೆಂದರೆ ಅದಕ್ಕೆ ಮಿದುಳಿನ ದೋಷ ಎಷ್ಟು ಕಾರಣ, ಮನೆಯ ಅಂಜಿಕೆ ಎಷ್ಟು ಕಾರಣ?

ಬಿದ್ದು ಒದ್ದಾಡುವ ಸೆಳವಾದರೆ ಕಡೇಪಕ್ಷ ಎಲ್ಲರಿಗೂ ಕಾಣುತ್ತದೆ. ಕಾಣದ ಸೆಳವು ಒಂದಿದೆ. 1770ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಟಿಸ್ಸೊ ಬರೆದ ಪುಸ್ತಕದಲ್ಲಿ ಒಬ್ಬ ಹುಡುಗಿಯ ವರ್ಣನೆಯಿದೆ. ದೊಡ್ಡ ಸೆಳವುಗಳ ನಡುನಡುವೆ ಅವಳಿಗೆ ಕ್ಷಣಕಾಲ ಮಾತು ನಿಂತು, ಕಣ್ಣು ಮಾತ್ರ ಅದುರಿ, ಮತ್ತೆ ಸರಿಯಾಗುತ್ತಿತ್ತು. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಇದಕ್ಕೆ ‘ಪೆಟಿ ಮಾಲ್’, ಅಂದರೆ ಸಣ್ಣ ಬೇನೆ, ಎಂಬ ಹೆಸರು ಬಿತ್ತು. 1824ರಲ್ಲಿ ಕಾಲ್ಮೀಲ್ ಎಂಬ ವೈದ್ಯ ಇನ್ನೂ ಒಪ್ಪುವ ಹೆಸರಿಟ್ಟ: ‘ಆಬ್ಸಾನ್ಸ್’. ಕನ್ನಡದಲ್ಲಿ ಹೇಳುವುದಾದರೆ ಗೈರುಹಾಜರಿ.

ನಾಲ್ಕರಿಂದ ಹತ್ತು ವರ್ಷದೊಳಗಿನ, ಅಂದರೆ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಶುರುವಾಗುವ ಬೇನೆ ಇದು. ಮಗು ಬೀಳುವುದಿಲ್ಲ, ನಡುಗುವುದಿಲ್ಲ. ಮಾತಾಡುತ್ತಿದ್ದದ್ದು ತಟ್ಟನೆ ನಿಲ್ಲುತ್ತದೆ. ಕಣ್ಣು ಎಲ್ಲೋ ನೆಟ್ಟಿರುತ್ತದೆ, ರೆಪ್ಪೆ ಕೊಂಚ ಪಟಪಟಿಸಬಹುದು. ಐದು, ಹತ್ತು, ಇಪ್ಪತ್ತು ಸೆಕೆಂಡು. ಆಮೇಲೆ ಏನೂ ಆಗಲಿಲ್ಲವೆಂಬಂತೆ ಬಿಟ್ಟ ಕೆಲಸವನ್ನು ಮುಂದುವರಿಸುತ್ತದೆ. ನಡುವೆ ಒಂದು ತುಂಡು ಹೊತ್ತು ಕಳೆದುಹೋದದ್ದು ಅದಕ್ಕೇ ಗೊತ್ತಿರುವುದಿಲ್ಲ. ದಿನಕ್ಕೆ ಹತ್ತಾರು ಸಲ, ಕೆಲವರಿಗೆ ನೂರು ಸಲವೂ ಹೀಗಾಗಬಹುದು. ಉಕ್ತಲೇಖನ ಬರೆಯುವಾಗ ಇಂಥ ಮಗುವಿನ ಪುಸ್ತಕದಲ್ಲಿ ನಡುನಡುವೆ ಪದಗಳು ಬಿಟ್ಟುಹೋಗಿರುತ್ತವೆ. ಮಗ್ಗಿ ಹೇಳುವಾಗ ಏಳೈದಲ ಮೂವತ್ತೈದು ಆದ ಮೇಲೆ ಏಳೇಳಲ ನಲವತ್ತೊಂಬತ್ತು ಕೇಳಿಸುತ್ತದೆ. ನಡುವಿನ ಒಂದು ಸಾಲು ಅದರ ಪಾಲಿಗೆ ಹುಟ್ಟಲೇ ಇಲ್ಲ. ಮೇಷ್ಟರು ಪ್ರಶ್ನೆ ಕೇಳಿ, ಪೆಚ್ಚಾಗಿ ನಿಂತದ್ದನ್ನು ಕಂಡು, ‘ಎಲ್ಲಿದೆಯೋ ನಿನ್ನ ಗ್ಯಾನ?’ ಎಂದು ಕಿವಿ ಹಿಂಡುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಮಾತ್ರ ಮಗುವಿನಲ್ಲಿಲ್ಲ. ವರ್ಷಗಟ್ಟಲೆ ಬೈಗುಳ ತಿಂದ ಹುಡುಗ ಆಮೇಲೆ ತುಂಟನಾದರೆ, ಇಲ್ಲವೇ ಬಾಯಿ ಬಿಡದೆ ಹಿಂದಿನ ಬೆಂಚಿಗೆ ಸರಿದರೆ ಆಶ್ಚರ್ಯವಿಲ್ಲ.

19ನೇ ಶತಮಾನದ ಯೂರೋಪಿನ ವೈದ್ಯರಿಗೆ ಇಂಥ ಮಕ್ಕಳು ಅಷ್ಟಾಗಿ ಕಾಣಸಿಗಲಿಲ್ಲ. ಅವರು ಮೂರ್ಛೆ ರೋಗವನ್ನು ಅಭ್ಯಾಸ ಮಾಡಿದ್ದು ಹುಚ್ಚಾಸ್ಪತ್ರೆಗಳಲ್ಲಿ. ಅಲ್ಲಿಗೆ ಬಂದು ಸೇರುತ್ತಿದ್ದವರು ಬೇನೆ ತೀರ ಕೆಟ್ಟವರು, ಮನೆಯವರು ಕೈಬಿಟ್ಟವರು. ಅವರನ್ನು ನೋಡಿ ಬರೆದ ಲಕ್ಷಣಗಳು ಎಲ್ಲ ರೋಗಿಗಳ ಲಕ್ಷಣಗಳಾಗಿ ಪಠ್ಯಪುಸ್ತಕ ಸೇರಿದವು. 1860ರಲ್ಲಿ ಮೊರೆಲ್ ಎಂಬ ಫ್ರೆಂಚ್ ಮನೋವೈದ್ಯ ಸೆಳವೇ ಇಲ್ಲದ ‘ಅವಿತ ಮೂರ್ಛೆ’ಯ ಮಾತೆತ್ತಿದ: ಕಾರಣವಿಲ್ಲದೆ ಸಿಟ್ಟಾಗುವುದೇ ಅದರ ಗುರುತಂತೆ. ಇಟಲಿಯ ಲೊಂಬ್ರೋಸೊ ಇನ್ನೂ ಮುಂದೆ ಹೋಗಿ, ಹುಟ್ಟು ಅಪರಾಧಿಗೂ ಮೂರ್ಛೆ ರೋಗಿಗೂ ನಂಟು ಗಂಟು ಹಾಕಿದ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಪಿಯರ್ಸ್ ಕ್ಲಾರ್ಕ್ ರೋಗಕ್ಕೆ ಮೊದಲೇ ಒಂದು ‘ಮೂರ್ಛೆ ಪ್ರಕೃತಿ’ ಇರುತ್ತದೆ, ಸ್ವಾರ್ಥವೂ ಮುಂಗೋಪವೂ ಅದರ ಚಿಹ್ನೆ ಎಂದು ಸಾರಿದ. ಆಸ್ಪತ್ರೆಯ ಗೋಡೆಯೊಳಗೆ ಹತ್ತು ವರ್ಷ ಕಳೆದವನು ಮುಂಗೋಪಿಯಾಗದೆ ಇನ್ನೇನಾದಾನು ಎಂದು ಕೇಳಿದವರು ಕಡಿಮೆ.

ಔಷಧಿಯ ಪಾತ್ರವೂ ಇಲ್ಲಿ ಸಣ್ಣದಲ್ಲ. ವೆಸ್ಟ್ ತನ್ನ ಮಗನನ್ನು ತೋರಿಸಿದ್ದ ಡಾ. ಲೋಕಾಕ್ ಅಷ್ಟರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯನಾಗಿದ್ದ. 1857ರಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಎದ್ದು ನಿಂತು, ಪೊಟ್ಯಾಸಿಯಂ ಬ್ರೋಮೈಡಿನಿಂದ ತನ್ನ ಕೆಲವು ರೋಗಿಣಿಯರ ಸೆಳವು ನಿಂತಿತೆಂದು ತಿಳಿಸಿದ. ಮೂರ್ಛೆ ರೋಗಕ್ಕೆ ದೊರೆತ ಮೊದಲ ನಿಜವಾದ ಔಷಧಿ ಇದೇ. ಕೆಲವೇ ವರ್ಷಗಳಲ್ಲಿ ಆಸ್ಪತ್ರೆಗಳು ಇದನ್ನು ಮಣಗಟ್ಟಲೆ ಬಳಸತೊಡಗಿದವು. ಬ್ರೋಮೈಡು ಸೆಳವನ್ನು ತಗ್ಗಿಸುತ್ತಿತ್ತು, ಜೊತೆಗೆ ಮನಸ್ಸನ್ನೂ ತಗ್ಗಿಸುತ್ತಿತ್ತು. ತೂಕಡಿಕೆ, ಮರೆವು, ತೊದಲು, ಮೈತುಂಬ ಬೊಕ್ಕೆ. ಮೂರ್ಛೆ ಇರುವ ಮಕ್ಕಳು ಮಂಕು ಎಂದು ಬರೆದಿಟ್ಟ ಎಷ್ಟೋ ವೈದ್ಯರು ದಿನಕ್ಕೆ ಮೂರು ಹೊತ್ತು ಬ್ರೋಮೈಡು ಕುಡಿದ ಮಕ್ಕಳನ್ನು ನೋಡಿ ಬರೆದಿದ್ದರು.

ಇಂಥ ಮಕ್ಕಳನ್ನು ಬೇರೆಯೇ ಇಡಬೇಕೆಂಬ ವಿಚಾರ ಬಂದದ್ದು ಕರುಣೆಯಿಂದಲೇ. ಜರ್ಮನಿಯ ಬೀಲೆಫೆಲ್ಡ್ ಬಳಿಯ ಬೆಥೆಲ್‌ನಲ್ಲಿ 1867ರಲ್ಲಿ ಮೂರ್ಛೆ ರೋಗಿಗಳಿಗಾಗಿ ಒಂದು ವಸಾಹತು ಆರಂಭವಾಯಿತು. ಇಂಗ್ಲೆಂಡು, ಅಮೆರಿಕಗಳು ಅದನ್ನು ಅನುಸರಿಸಿದವು. ಹೊಲ, ತೋಟ, ಬಡಗಿ ಕೆಲಸ, ಪ್ರಾರ್ಥನೆ, ಮಕ್ಕಳಿಗೆ ಶಾಲೆ. 1899ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಬುದ್ಧಿಮಾಂದ್ಯ ಹಾಗೂ ಮೂರ್ಛೆ ರೋಗದ ಮಕ್ಕಳ ಶಿಕ್ಷಣಕ್ಕೆಂದೇ ಒಂದು ಕಾಯಿದೆ ಮಾಡಿತು. ಅವರಿಗೂ ಕಲಿಯುವ ಹಕ್ಕಿದೆಯೆಂದು ಕಾಯಿದೆ ಒಪ್ಪಿದ್ದು ಹೌದು. ಎರಡೂ ಬಗೆಯ ಮಕ್ಕಳನ್ನು ಒಂದೇ ಶೀರ್ಷಿಕೆಯಡಿ ಸೇರಿಸಿದ್ದೂ ಹೌದು. ಹೀಗೆ ಪಟ್ಟಿ ಮಾಡಿ ಬೇರೆಯಿಡುವುದು ಎಲ್ಲಿಗೆ ಮುಟ್ಟಬಹುದೆಂಬುದನ್ನು ಜರ್ಮನಿ ತೋರಿಸಿತು. 1933ರ ಜುಲೈ 14ರ ನಾಜಿ ಕಾನೂನು ಬಲವಂತದ ಸಂತಾನಹರಣಕ್ಕೆ ಗುರಿಮಾಡಿದ ಬೇನೆಗಳ ಸಾಲಿನಲ್ಲಿ ವಂಶಪಾರಂಪರ್ಯ ಮೂರ್ಛೆಯೂ ಇತ್ತು. 1939ರಿಂದ ಮುಂದೆ ಅಂಗವಿಕಲ ಮಕ್ಕಳನ್ನು ಆಸ್ಪತ್ರೆಗಳಲ್ಲೇ ಕೊಲ್ಲಲಾಯಿತು.

ಆ ಜರ್ಮನಿಯಲ್ಲೇ, ಯೇನಾ ಎಂಬ ಊರಿನಲ್ಲಿ ಹಾನ್ಸ್ ಬರ್ಗರ್ ಎಂಬ ಮನೋವೈದ್ಯ 1920ರ ದಶಕದಲ್ಲಿ ತಲೆಬುರುಡೆಯ ಮೇಲಿಂದಲೇ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ವಿಧಾನ ಕಂಡುಹಿಡಿದು, 1929ರಲ್ಲಿ ಪ್ರಕಟಿಸಿದ. ಇದೇ ಇಂದಿನ ಇ.ಇ.ಜಿ. 1935ರಲ್ಲಿ ಬಾಸ್ಟನ್ನಿನ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ‘ಪೆಟಿ ಮಾಲ್’ ರೋಗಿಗಳ ಮೇಲೆ ಈ ಯಂತ್ರವನ್ನು ಪ್ರಯೋಗಿಸಿದರು. ರೋಗಿ ಶೂನ್ಯದತ್ತ ನೋಡುವ ಆ ಕೆಲವು ಸೆಕೆಂಡುಗಳಲ್ಲಿ ಯಂತ್ರದ ಮುಳ್ಳು ಸೆಕೆಂಡಿಗೆ ಮೂರರಂತೆ ಚೂಪಾದ ಅಲೆಗಳನ್ನು ಬರೆಯಿತು. ಅಲೆ ಶುರುವಾದಾಗ ರೋಗಿ ಹೊರಟುಹೋಗುತ್ತಿದ್ದ, ಅಲೆ ನಿಂತಾಗ ಮರಳುತ್ತಿದ್ದ. ಅಲ್ಲಿಯವರೆಗೆ ಅಲಕ್ಷ್ಯ, ಹಗಲುಗನಸು, ಮೊಂಡುತನ ಎನಿಸಿದ್ದಕ್ಕೆ ಕಾಗದದ ಮೇಲೆ ಸಾಕ್ಷಿ ದೊರೆಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. 1939ರಲ್ಲಿ ರಾಬರ್ಟ್ ಶ್ವಾಬ್ ಎಂಬಾತ ಒಂದು ಸಣ್ಣ ಪ್ರಯೋಗ ಮಾಡಿದ. ದೀಪ ಕಂಡೊಡನೆ ರೋಗಿ ಗುಂಡಿ ಒತ್ತಬೇಕು. ಅದೇ ವೇಳೆಗೆ ಇ.ಇ.ಜಿ. ಓಡುತ್ತಿರಬೇಕು. ಹೊರಗಿನಿಂದ ನೋಡಿದವರಿಗೆ ಏನೂ ಕಾಣದಿದ್ದಾಗಲೂ ಅಲೆ ಬಂದ ಗಳಿಗೆಯಲ್ಲಿ ಗುಂಡಿ ಒತ್ತುವುದು ತಡವಾಗುತ್ತಿತ್ತು, ಇಲ್ಲವೇ ತಪ್ಪಿಯೇ ಹೋಗುತ್ತಿತ್ತು. ಅಂದರೆ ತಾಯಿಗೂ ಕಾಣದ, ಮೇಷ್ಟರಿಗೂ ಕಾಣದ, ವೈದ್ಯನ ಕಣ್ಣಿಗೂ ಬೀಳದ ಸೆಳವು ಕಲಿಕೆಯ ನಡುವೆ ತೂತು ಕೊರೆಯಬಲ್ಲದು.

ಇದಕ್ಕಿಂತ ವಿಚಿತ್ರವಾದದ್ದು 1957ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಿಂದ ವರದಿಯಾಯಿತು. ಚೆನ್ನಾಗಿ ಮಾತಾಡುತ್ತಿದ್ದ ಆರು ಮಕ್ಕಳು ಮಾತು ಕಳೆದುಕೊಂಡಿದ್ದರು. ಇಂಥ ಮಕ್ಕಳು ಕರೆದರೆ ತಿರುಗುವುದಿಲ್ಲ, ಹೇಳಿದ್ದು ಅರ್ಥವಾಗುವುದಿಲ್ಲ. ಕಿವುಡೆಂದೇ ಮನೆಯವರು ತಿಳಿಯುವುದುಂಟು. ಕಿವಿ ಮಾತ್ರ ಸರಿಯಾಗಿರುತ್ತದೆ. ಲ್ಯಾಂಡೌ ಮತ್ತು ಕ್ಲೆಫ್ನರ್ ಎಂಬ ಸಂಶೋಧಕರು ಆ ಮಕ್ಕಳ ಇ.ಇ.ಜಿ.ಯಲ್ಲಿ ಮೂರ್ಛೆ ರೋಗದ ಅಲೆಗಳನ್ನು ಕಂಡರು. ನುಡಿಯನ್ನು ಅರ್ಥಮಾಡಿಕೊಳ್ಳುವ ಮಿದುಳಿನ ಭಾಗಕ್ಕೇ ಈ ವಿದ್ಯುತ್ ಗದ್ದಲ ತಗುಲಿತ್ತು. ನಿದ್ದೆಯಲ್ಲಿ ಅದು ಇನ್ನೂ ಜೋರಾಗುತ್ತದೆಂದು ಮುಂದೆ ತಿಳಿಯಿತು. ಇದು ಅಪರೂಪದ ಬೇನೆ. ಆದರೆ ಸೆಳವಿಲ್ಲದಾಗಲೂ ಮಿದುಳಿನ ಗದ್ದಲ ಮಗುವಿನ ವಿದ್ಯೆಯನ್ನು ಕಸಿಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಷ್ಟಾದರೂ ಮಕ್ಕಳ ನಡವಳಿಕೆಯ ಬಗ್ಗೆ ಹಳೆಯ ನಂಬಿಕೆಗಳು ಅಲುಗಲಿಲ್ಲ. ಆಸ್ಪತ್ರೆಯಿಂದ ಹೊರಗೆ ಬಂದು ಊರಿಗೆ ಊರನ್ನೇ ಎಣಿಸಿ ನೋಡಬೇಕಿತ್ತು. ಆ ಕೆಲಸ 1960ರ ದಶಕದಲ್ಲಿ ಇಂಗ್ಲೆಂಡಿನ ದಕ್ಷಿಣಕ್ಕಿರುವ ವೈಟ್ ದ್ವೀಪದಲ್ಲಿ ನಡೆಯಿತು. ಮೈಕೆಲ್ ರಟ್ಟರ್ ಮತ್ತು ಸಂಗಡಿಗರು ದ್ವೀಪದ ಶಾಲಾ ಮಕ್ಕಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು 1970ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಮಕ್ಕಳಲ್ಲಿ ಮಾನಸಿಕ ಅಥವಾ ನಡವಳಿಕೆಯ ತೊಂದರೆ ಇದ್ದವರು ಶೇಕಡಾ 6.6. ಮಿದುಳಿಗೆ ಸಂಬಂಧಿಸದ ದೀರ್ಘಕಾಲದ ಬೇರೆ ಕಾಯಿಲೆಗಳ ಮಕ್ಕಳಲ್ಲಿ ಶೇಕಡಾ 11.6. ಮೂರ್ಛೆ ರೋಗವೊಂದೇ ಇದ್ದ ಮಕ್ಕಳಲ್ಲಿ ಶೇಕಡಾ 28.6, ಅದರ ಜೊತೆಗೆ ಮಿದುಳಿಗೆ ಪೆಟ್ಟೂ ಇದ್ದವರಲ್ಲಿ 58.3.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಯಾವುದೋ ಕಾಯಿಲೆ ಇದೆಯೆಂಬ ಬೇಸರ, ಆಸ್ಪತ್ರೆಯ ಅಲೆದಾಟ, ಇವಿಷ್ಟೇ ಕಾರಣವಾಗಿದ್ದರೆ ಮೂರ್ಛೆಯ ಮಕ್ಕಳೂ 11ರ ಆಸುಪಾಸಿನಲ್ಲೇ ನಿಲ್ಲಬೇಕಿತ್ತು. ಅವರು ಅದರ ಎರಡು ಪಟ್ಟಿಗೂ ಮೀರಿದ್ದಾರೆ. ಮಿದುಳಿನ ಪಾತ್ರ ಇದೆ ಎಂದಾಯಿತು. ಮೂರ್ಛೆಯ ಮಕ್ಕಳು ಓದುವುದರಲ್ಲೂ ಹಿಂದೆ ಬಿದ್ದಿದ್ದರು. ಇನ್ನೊಂದು ಕಡೆ, ಬರಿಯ ಮೂರ್ಛೆ ಇದ್ದ ನೂರು ಮಕ್ಕಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಯಾವ ತೊಂದರೆಯೂ ಇರಲಿಲ್ಲ. ಕ್ಲಾರ್ಕ್ ಹೇಳಿದ ‘ಮೂರ್ಛೆ ಪ್ರಕೃತಿ’ ನಿಜವಾಗಿದ್ದರೆ ಇವರೆಲ್ಲ ಎಲ್ಲಿಂದ ಬಂದರು?

ರೋಗಕ್ಕೆ ಮೊದಲೇ ಏನಾದರೂ ಇರುತ್ತದೆಯೇ ಎಂಬ ಕ್ಲಾರ್ಕನ ಪ್ರಶ್ನೆ ಮಾತ್ರ ಪೂರ್ತಿ ಸುಳ್ಳಾಗಲಿಲ್ಲ. 2001ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಜೋನ್ ಆಸ್ಟಿನ್ ಮತ್ತು ಸಂಗಡಿಗರು, ಮೊದಲ ಸೆಳವು ಕಾಣಿಸಿಕೊಂಡ ಕೂಡಲೇ, ಅದಕ್ಕೆ ಹಿಂದಿನ ಆರು ತಿಂಗಳಲ್ಲಿ ಮಗು ಹೇಗಿತ್ತೆಂದು ಮನೆಯವರನ್ನು ಕೇಳಿದರು. ಸುಮಾರು ಮೂರರಲ್ಲೊಂದು ಪಾಲು ಮಕ್ಕಳಲ್ಲಿ ಆಗಲೇ ನಡವಳಿಕೆಯ ತೊಂದರೆ ಇತ್ತು. ಅದೇ ಮನೆಯ ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಅಷ್ಟಿರಲಿಲ್ಲ. ಮನೆ ಒಂದೇ, ತಂದೆತಾಯಿಯರೂ ಅವರೇ. ಆದ್ದರಿಂದ ಸಾಕುವುದರಲ್ಲಿ ತಪ್ಪಾಯಿತು ಎಂದು ತಾಯಿಯ ಮೇಲೆ ಗೂಬೆ ಕೂರಿಸುವವರಿಗೂ ಇಲ್ಲಿ ಉತ್ತರವಿದೆ. ಸೆಳವು ತರುವ ಮಿದುಳಿನ ಸ್ಥಿತಿಯೇ ಗಮನದ ಕೊರತೆ, ಸಿಡುಕುಗಳನ್ನೂ ತರುತ್ತಿರಬಹುದು. ಸ್ವಭಾವ ಎಂದು ಹಿಂದಿನವರು ಕರೆದದ್ದರಲ್ಲಿ ಇದೂ ಒಂದು ಎಳೆ.

ಇನ್ನೊಂದು ಎಳೆ ಔಷಧಿಯದು ಎಂದು ಬ್ರೋಮೈಡಿನ ಕಾಲದಲ್ಲೇ ಕಂಡೆವು. 1912ರಲ್ಲಿ ಜರ್ಮನಿಯ ಫ್ರೈಬುರ್ಗ್‌ನ ಯುವ ವೈದ್ಯ ಆಲ್ಫ್ರೆಡ್ ಹೌಪ್ಟ್‌ಮನ್ ಫೀನೋಬಾರ್ಬಿಟಾಲನ್ನು ಬಳಕೆಗೆ ತಂದ. ರೋಗಿಗಳ ವಾರ್ಡಿನ ಮೇಲಂತಸ್ತಿನಲ್ಲೇ ಅವನ ವಾಸ. ರಾತ್ರಿ ಅವರ ಸೆಳವುಗಳಿಂದ ನಿದ್ದೆ ಕೆಟ್ಟು, ಅವರೂ ಮಲಗಲಿ ತಾನೂ ಮಲಗುವಂತಾಗಲಿ ಎಂದು ಈ ನಿದ್ದೆಮಾತ್ರೆ ಕೊಟ್ಟನೆಂಬ ಕಥೆಯಿದೆ. ಬ್ರೋಮೈಡಿಗಿಂತ ಇದು ಎಷ್ಟೋ ವಾಸಿ. ಅಗ್ಗವೂ ಹೌದು. ನೂರು ವರ್ಷ ದಾಟಿದರೂ ಬಡದೇಶಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

1990ರಲ್ಲಿ ಅಮೆರಿಕದಿಂದ ಬಂದ ಒಂದು ವರದಿ ಈ ಮಾತ್ರೆಯ ಮೇಲೆ ನೆರಳು ಬೀರಿತು. ಜ್ವರ ಬಂದಾಗ ಸೆಳವು ಕಂಡಿದ್ದ 217 ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಎರಡು ವರ್ಷ ದಿನವೂ ಫೀನೋಬಾರ್ಬಿಟಾಲ್, ಉಳಿದವರಿಗೆ ಸಪ್ಪೆ ಮಾತ್ರೆ ಕೊಡಲಾಯಿತು. ಔಷಧಿ ಪಡೆದ ಮಕ್ಕಳ ಬುದ್ಧಿಸೂಚ್ಯಂಕ ಎರಡು ವರ್ಷದ ಕೊನೆಗೆ ಸರಾಸರಿ 8.4 ಅಂಶ ಕಡಿಮೆ ಇತ್ತು. ಮಾತ್ರೆ ಬಿಟ್ಟು ಆರು ತಿಂಗಳಾದ ಮೇಲೂ 5.2 ಅಂಶದ ಕೊರತೆ ಉಳಿದಿತ್ತು. ಸೆಳವಾದರೂ ತಪ್ಪಿತೇ ಎಂದರೆ ಅದೂ ಇಲ್ಲ. ಜ್ವರದ ಸೆಳವು ಮೂರ್ಛೆ ರೋಗವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಜ್ವರದಲ್ಲಿ ಸೆಳವು ಕಂಡ ಮಕ್ಕಳು ಹತ್ತನೆಯ ವಯಸ್ಸಿಗೆ ಓದಿನಲ್ಲೂ ನಡತೆಯಲ್ಲೂ ಬೇರೆಯವರಂತೆಯೇ ಇರುತ್ತಾರೆಂದು 1998ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ.

ಅದೇ 1998ರಲ್ಲಿ ನಮ್ಮ ಪಶ್ಚಿಮ ಬಂಗಾಳದ ಹಳ್ಳಿಗಳಿಂದ ಬೇರೊಂದು ಮಾತು ಬಂತು. ಮೂರ್ಛೆ ರೋಗವಿದ್ದ 94 ಮಕ್ಕಳಲ್ಲಿ ಕೆಲವರಿಗೆ ಫೀನೋಬಾರ್ಬಿಟಾಲ್, ಕೆಲವರಿಗೆ ಫೆನಿಟಾಯಿನ್ ಕೊಟ್ಟು ನೋಡಿದರು. ಫೀನೋಬಾರ್ಬಿಟಾಲ್ ಪಡೆದ ಮಕ್ಕಳಲ್ಲಿ ನಡವಳಿಕೆಯ ತೊಂದರೆ ಹೆಚ್ಚೇನೂ ಕಾಣಲಿಲ್ಲ. ಎರಡು ವರದಿಗಳೂ ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಆದರೆ ಒಂದು ಕಡೆ ಔಷಧಿಯೇ ಬೇಕಿರದ ಕೂಸುಗಳು. ಇನ್ನೊಂದು ಕಡೆ ಔಷಧಿಯಿಲ್ಲದಿದ್ದರೆ ಒಲೆಗೋ ಕೆರೆಗೋ ಬೀಳುವ ಮಕ್ಕಳು. ದುಬಾರಿ ಮಾತ್ರೆ ಇಲ್ಲವೆಂದು ಅಗ್ಗದ ಮಾತ್ರೆಯನ್ನೂ ನಿರಾಕರಿಸುವುದು ಹಳ್ಳಿಯ ಮಗುವಿಗೆ ಮಾಡುವ ಉಪಕಾರವಲ್ಲ ಎಂದೇ ನನ್ನ ಅಭಿಪ್ರಾಯ.

ಈ ಮಾತಿಗೆ ಆಧಾರ ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಯಳಂದೂರು ತಾಲ್ಲೂಕಿನ ಸುಮಾರು 65 ಸಾವಿರ ಜನರ ನಡುವೆ ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಸಾವಿರಕ್ಕೆ ನಾಲ್ಕೂವರೆಗಿಂತ ಸ್ವಲ್ಪ ಹೆಚ್ಚು ಮಂದಿಗೆ ಈ ಬೇನೆ ಇತ್ತು. ಇದೇ ಎರಡು ಅಗ್ಗದ ಮಾತ್ರೆಗಳಿಂದ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸೆಳವು ಹತೋಟಿಗೆ ಬಂತು. ‘ಬಿಸಿನೀರು ಮೂರ್ಛೆ’ಯೂ ಅಲ್ಲಿ ಕಂಡಿತು. ತಲೆಯ ಮೇಲೆ ಸುಡುವ ನೀರನ್ನು ಚೊಂಬಿನಿಂದ ಹುಯ್ದುಕೊಳ್ಳುವಾಗ ಬರುವ ಈ ಸೆಳವು ಪ್ರಪಂಚದಲ್ಲಿ ವಿರಳ, ದಕ್ಷಿಣ ಕರ್ನಾಟಕದಲ್ಲಿ ಸಾಮಾನ್ಯ. 1988ರಲ್ಲಿ ನಿಮ್ಹಾನ್ಸ್‌ನ ವೈದ್ಯರು 279 ಮಂದಿಯ ವಿವರ ಪ್ರಕಟಿಸಿದ್ದರು. ಎಷ್ಟೋ ಮಕ್ಕಳಿಗೆ ನೀರನ್ನು ಉಗುರು ಬೆಚ್ಚಗೆ ಮಾಡುವುದೇ ಅರ್ಧ ಚಿಕಿತ್ಸೆ. ವಾರದ ತಲೆಸ್ನಾನದ ದಿನ ಅಳುವ ಮಗುವನ್ನು ಹಟಮಾರಿ ಎನ್ನುವ ಮುನ್ನ ಹಂಡೆಯ ನೀರನ್ನು ಮುಟ್ಟಿ ನೋಡುವುದು ಒಳಿತು.

ಕಾನೂನು ಮಾತ್ರ ಹಿಂದೆಯೇ ಉಳಿದಿತ್ತು. ಅಮೆರಿಕದ ಹಲವು ರಾಜ್ಯಗಳಲ್ಲಿ ಮೂರ್ಛೆ ರೋಗಿಗಳ ಮದುವೆಗೆ ನಿಷೇಧವಿತ್ತು. ಕೊನೆಯ ರಾಜ್ಯ ಅದನ್ನು ತೆಗೆದದ್ದು 1980ರಲ್ಲಿ. ನಮ್ಮ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಂದ ತಿದ್ದುಪಡಿ ಮರುಕಳಿಸುವ ಹುಚ್ಚು ಮತ್ತು ಮೂರ್ಛೆ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಮದುವೆಗೆ ಅಡ್ಡಿಯೆಂದಿತು. ಆ ವಾಕ್ಯದಿಂದ ‘ಮೂರ್ಛೆ’ ಎಂಬ ಪದವನ್ನು 1999ರಲ್ಲಿ ಹೊಡೆದುಹಾಕಲಾಯಿತು. ಮೂರನೇ ಕ್ಲಾಸಿನ ಹುಡುಗಿಯ ಶಾಲೆ ಬಿಡಿಸುವ ತಾಯಿಗೆ ಈ ಸುದ್ದಿ ಇನ್ನೂ ತಲುಪಬೇಕಾಗಿದೆ.

ಗೈರುಹಾಜರಿಯ ಸೆಳವಿಗೆ ಈಗ ಒಳ್ಳೆಯ ಔಷಧಿಗಳಿವೆ. ಅಮೆರಿಕದಲ್ಲಿ 453 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎಥೊಸಕ್ಸಿಮೈಡ್ ಮತ್ತು ವ್ಯಾಲ್‌ಪ್ರೋಯೇಟ್ ಎರಡೂ ಸೆಳವನ್ನು ಸರಿಸುಮಾರು ಒಂದೇ ಮಟ್ಟದಲ್ಲಿ ತಡೆದವು. ಗಮನದ ತೊಂದರೆ ಮಾತ್ರ ವ್ಯಾಲ್‌ಪ್ರೋಯೇಟ್ ಪಡೆದವರಲ್ಲಿ ಶೇಕಡಾ 49, ಎಥೊಸಕ್ಸಿಮೈಡ್ ಪಡೆದವರಲ್ಲಿ ಶೇಕಡಾ 33. ಆದ್ದರಿಂದ ‘ಫಿಟ್ಸ್ ನಿಂತಿತೇ?’ ಎಂದು ಕೇಳಿದರೆ ಸಾಲದು, ‘ಓದು ಹೇಗಿದೆ?’ ಎಂದೂ ಕೇಳಬೇಕೆಂಬುದು ಈಗ ಮಕ್ಕಳ ವೈದ್ಯರ ಪಾಠಪಟ್ಟಿಯಲ್ಲಿದೆ. ಮಾತ್ರೆ ಶುರುವಾದ ಮೇಲೆ ಮಗು ತೂಕಡಿಸುತ್ತಿದ್ದರೆ, ವಿಪರೀತ ಚಡಪಡಿಸುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಸೆಳವು ಮೊದಲಿಗಿಂತ ಜೋರಾಗಿ ಬರಬಹುದು.

ಈ ಬೇನೆಯನ್ನು ಪತ್ತೆ ಮಾಡುವ ಉಪಾಯ ನೋಡಿದರೆ ನಗು ಬರುತ್ತದೆ. ವೈದ್ಯರು ಮಗುವಿನ ಕೈಗೆ ಕಾಗದದ ಗಿರಗಿಟ್ಟೆ ಕೊಟ್ಟು ಮೂರು ನಿಮಿಷ ಊದಲು ಹೇಳುತ್ತಾರೆ. ಜೋರಾಗಿ ಉಸಿರಾಡಿದಾಗ ಇಂಥ ಸೆಳವು ಬೇಗ ಬರುತ್ತದೆ. ಗಿರಗಿಟ್ಟೆ ತಿರುಗುತ್ತ ತಿರುಗುತ್ತ ನಡುವೆ ನಿಂತರೆ, ಮಗುವಿನ ಕಣ್ಣು ನೆಟ್ಟರೆ, ಅಲ್ಲಿಗೆ ಗೊತ್ತಾಯಿತು, ಇ.ಇ.ಜಿ. ಅದನ್ನು ಖಚಿತಪಡಿಸುತ್ತದೆ. ಆದರೆ ವೈದ್ಯರ ಬಳಿಗೆ ಕಳಿಸುವವರು ಯಾರು? ಹೆಚ್ಚಾಗಿ ಶಾಲೆಯವರೇ. ಬೆಳಗಿನಿಂದ ಸಂಜೆಯವರೆಗೆ ಮಗುವಿನ ಮುಖ ನೋಡುವವರು ಅವರು. ವೈದ್ಯರು ಅವರಿಂದ ಬಯಸುವುದು ಒಂದು ಚೀಟಿ: ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು, ಭುಜ ಮುಟ್ಟಿದರೆ ಎಚ್ಚರವಾಯಿತೇ, ಮಾತಿನ ನಡುವೆಯೇ ನಿಂತಿತೇ. ಹಗಲುಗನಸಿನ ಮಗುವನ್ನು ಮುಟ್ಟಿದರೆ ತಿರುಗಿ ನೋಡುತ್ತದೆ. ಸೆಳವಿನ ಮಗು ನೋಡುವುದಿಲ್ಲ. ಈಗ ಮೊಬೈಲ್ ಫೋನಿನಲ್ಲಿ ಅರ್ಧ ನಿಮಿಷದ ಚಿತ್ರ ತೆಗೆದು ತೋರಿಸಿದರೂ ಆದೀತು.